ಎರಡು ಮಿಸ್ಡ್ ಕಾಲ್

ನೀವು ನಂಬುವುದಿಲ್ಲ ಅಂತ ಗೊತ್ತು. ಧೈರ್ಯವಿದ್ದರೆ ಕೊನೆತನಕ ಓದಿ, ಆಮೇಲೆ ಸುಳ್ಳೆನ್ನಿ.

ಮಳೆಗಾಲದಲ್ಲಿ ನಮ್ಮ ನರ್ಸಮ್ಮನ ಕಾಲು ಮೊಣಕಾಲವರೆಗೂ ಬೆಳ್ಳಗಿರುತ್ತಿತ್ತು. ರಕ್ತ ಹೀರುವ ಇಂಬಳ ಕಚ್ಚದಿರಲೆಂದು ಸುಣ್ಣಕ್ಕೆ ಹೊಗೆಸೊಪ್ಪು ಕಲಸಿ ಬಳಿದುಕೊಂಡು, ಹೊಂಗಡಹಳ್ಳದ ಎಸ್ಟೇಟ್ ಕೂಲಿಯವರ ಲೈನುಮನೆಗಳನ್ನೆಲ್ಲ ನಡೆದೇ ಸುತ್ತುತ್ತಿದ್ದಳು. ಕೊರಳಲ್ಲಿ, ಹಾಲಿನ ಕವರಿನೊಳಗೆ, ಮೊಬೈಲು.

ಆಗ ಫೋನಿದ್ದವರ ಹತ್ತಿರವೂ ಕರೆನ್ಸಿ ಇರುತ್ತಿರಲಿಲ್ಲ. ಅದಕ್ಕೆ ಆಕೆಯೇ ಒಂದು ಕಟ್ಟಳೆ ಮಾಡಿದ್ದಳು: ಒಂದು ಮಿಸ್ಡ್ ಕಾಲ್ ಬಂದರೆ ಜ್ವರ, ನಾಳೆ ಬರುತ್ತಾಳೆ. ಬೆನ್ನಿಗೇ ಎರಡು ಬಂದರೆ ಹೆರಿಗೆ ನೋವು, ಈಗಲೇ ಹೊರಡುತ್ತಾಳೆ.

ಇಂಥ ಕಟ್ಟಳೆಯನ್ನು, ಸುಳ್ಳಿಗೇ ಊರಲ್ಲಿ ಹೆಸರಾದ ನನ್ನಂಥವನು ಸುಮ್ಮನೆ ಬಿಡುವುದುಂಟೆ? ಒಂದು ಭಾನುವಾರ ಎರಡು ಕೊಟ್ಟೆ. ಗುಡ್ಡ ಹತ್ತಿ ಏದುಸಿರು ಬಿಡುತ್ತ ಬಂದವಳಿಗೆ, ಹೆರುವುದು ನಮ್ಮ ಹಸು ಎಂದೆ. ಬೈಯಲಿಲ್ಲ. ಕಾಫಿ ಕುಡಿದು ಲೋಟ ಕೆಳಗಿಟ್ಟಳು.

"ನಿಮ್ಮನೇಲೂ ಬಸುರಿ ಸೊಸೆ ಅವ್ಳೆ ಕಣ್ರೀ, ಯಜಮಾನ್ರೇ."

ಮುಂದಿನ ತಿಂಗಳೇ ಸೊಸೆಗೆ ದಿನ ತುಂಬುವ ಮುಂಚೆ ನೋವು ಬಂತು. ಮಗ ಜೀಪು ತರಲು ಓಡಿದ. ನಾನು ಎರಡು ಮಿಸ್ಡ್ ಕಾಲ್ ಕೊಟ್ಟು ಕೂತೆ. ನನ್ನ ನಂಬರು ನೋಡಿ ಯಾರು ತಾನೆ ಗುಡ್ಡ ಹತ್ತುತ್ತಾರೆ?

ಬಂದಳು. ಈ ಸಲವೂ ಹಸುವೇ ಅನ್ನಿಸಲಿಲ್ಲವೇ ಎಂದು ಆಮೇಲೆ ಕೇಳಿದ್ದೆ. "ಅನ್ನಿಸ್ತು. ಹಸುವಾಗಿದ್ರೆ ಕಾಫಿ ಕುಡ್ದು ಹೋಗ್ತಿದ್ದೆ" ಎಂದಳು.

ಮಗು ಹುಟ್ಟಿತು, ರಕ್ತ ನಿಲ್ಲಲಿಲ್ಲ. ಜೀಪಿನ ಸುಳಿವಿಲ್ಲ. ನಮ್ಮಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಾತ್ರ. ನರ್ಸಮ್ಮ ಅಲ್ಲಿಂದ ಸಕಲೇಶಪುರದ ಡಾಕ್ಟರಮ್ಮನಿಗೆ ಫೋನು ಹಚ್ಚಿ, ನನ್ನ ಕೈಗೆ ಕೊಟ್ಟು ಒಳಗೋಡಿದಳು.

"ಅವ್ರು ಹೇಳಿದ್ದನ್ನ ಹಂಗೇ ಕೂಗ್ರಿ. ನಿಮ್ದು ಒಂದಕ್ಷರಾನೂ ಸೇರಿಸ್ಬ್ಯಾಡಿ."

ಜೀವಮಾನದಲ್ಲಿ ಮೊದಲ ಸಲ ಕೇಳಿದ್ದನ್ನು ಕೇಳಿದಂತೆಯೇ ಹೇಳಿದೆ. ಹೊಕ್ಕುಳ ಕೆಳಗೆ ಗಟ್ಟಿಯಾಗಿ ಉಜ್ಜಬೇಕು, ಉಚ್ಚೆ ಹೊಯ್ಯಿಸಬೇಕು, ಮಗುವನ್ನು ಮೊಲೆಗೆ ಹಚ್ಚಬೇಕು, ಇಂಜೆಕ್ಷನ್ ಇಷ್ಟು ಕೊಡಬೇಕು. ಕಾಫಿ ಹರಡುತ್ತಿದ್ದ ಹೆಂಗಸರೆದುರು ಗಂಟಲು ಹರಿಯುವಂತೆ ಕೂಗಿದೆ. ಒಳಗಿಂದ ಬಂದ ಉತ್ತರವನ್ನು ಫೋನಿಗೆ ಒಪ್ಪಿಸಿದೆ. ನನ್ನ ಕೈ ಎಳ್ಳಷ್ಟೂ ನಡುಗಲಿಲ್ಲ.

ಕೊನೆಗೆ ಒಳಗಿಂದ ಮೆಲ್ಲಗೆ ಕೇಳಿತು: "ನಿಂತ್ಕಂತು ಅಂತ ಹೇಳ್ರಿ."

ಹೇಳಿದೆ. ಪಟ್ಟಣದಲ್ಲಿ ಕೂತವಳ ಬುದ್ಧಿ ನಮ್ಮ ಮನೆಯ ನಡುಕೋಣೆಯವರೆಗೂ ಬಂದ ಆ ಅಂಗೈಯಗಲದ ಡಬ್ಬಿಯನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದೆ. ಅದಕ್ಕಿಂತ ಹೆಚ್ಚು ಹೊತ್ತು, ಬಚ್ಚಲಲ್ಲಿ ಕೈ ತೊಳೆಯುತ್ತಿದ್ದ ಆಕೆಯನ್ನು.

ನರ್ಸಮ್ಮ ತೀರಿಕೊಂಡಾಗ ಮೊದಲು ಹೆಗಲು ಕೊಟ್ಟವನು ನಾನು. ಇಷ್ಟರಲ್ಲಿ ಸುಳ್ಳು ಒಂದೇ: ಕೈ ನಡುಗಲಿಲ್ಲ ಅಂದೆನಲ್ಲ, ಅದು. ಆ ಫೋನನ್ನು ಎರಡು ಕೈಯಲ್ಲಿ ಹಿಡಿದರೂ ಕಿವಿಗೆ ನಿಲ್ಲುತ್ತಿರಲಿಲ್ಲ.