ಮೀಸೆ ಒತ್ತೆಯಿಟ್ಟು ಸಾಕಿದ ಮೀನು

ಕ್ಷೌರದಂಗಡಿಯ ಮೀಸೆಯಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಅವನ ಹೆಂಡತಿಗೂ ಮರೆತುಹೋಗಿತ್ತು. ಅಪ್ಪನ ಕೈಯಿಂದ ಕತ್ತರಿ ತೆಗೆದುಕೊಂಡ ಪ್ರಾಯದಲ್ಲಿ ಬೆಳೆಸಲು ಶುರುಮಾಡಿದ ಮೀಸೆ, ಅರವತ್ತು ಹತ್ತಿರ ಬಂದರೂ ಅವನಿಗಿಂತ ಒಂದು ಹೆಜ್ಜೆ ಮೊದಲೇ ಬಾಗಿಲು ದಾಟುತ್ತಿತ್ತು. ಬೆಳಗ್ಗೆ ಅಂಗಡಿ ತೆರೆದವನು ಕಸ ಗುಡಿಸುವುದಕ್ಕೂ ಮುಂಚೆ ಗೋಡೆಯಗಲದ ಕನ್ನಡಿಯ ಮುಂದೆ ನಿಲ್ಲುತ್ತಿದ್ದ. ಸಣ್ಣ ಕತ್ತರಿಯಿಂದ ಎಡಕ್ಕೊಂದು ಕೂದಲು, ಬಲಕ್ಕೊಂದು ಕೂದಲು ತೆಗೆದು, ತುದಿಗೆ ಎಣ್ಣೆ ಸವರಿ, ಹುರಿ ಮಾಡಿ, ಆಮೇಲೇ ಮನುಷ್ಯರ ಜೊತೆ ಮಾತು. ಬಂದ ಗಿರಾಕಿ ಬಿಸಿಲಲ್ಲಿ ಕಾಯಬೇಕು.

ಕೈ ಚೆನ್ನಾಗಿತ್ತು, ಇಲ್ಲವೆನ್ನಬಾರದು. ಬಾಯಿ ಮಾತ್ರ ಕೈಗಿಂತ ಉದ್ದ. ಹಲ್ಲುನೋವಿನ ಮದ್ದಿನಿಂದ ಹಿಡಿದು ಮನೆಯ ಪಾಯ ಅಗೆಯುವ ತನಕ ಅವನಿಗೆ ಗೊತ್ತಿಲ್ಲದ್ದು ಲೋಕದಲ್ಲಿರಲಿಲ್ಲ. ಕೆನ್ನೆಗೆ ನೊರೆ ಮೆತ್ತಿಸಿಕೊಂಡು, ಗಂಟಲ ಹತ್ತಿರ ಕತ್ತಿ ಇಡಿಸಿಕೊಂಡು ಕೂತ ಗಿರಾಕಿ ಎದುರು ಮಾತಾಡುವುದಾದರೂ ಹೇಗೆ? ಹೀಗಾಗಿ ಇಷ್ಟು ವರ್ಷ ಅವನ ಮಾತನ್ನು ಎಲ್ಲರೂ ಒಪ್ಪಿಕೊಂಡೇ ಬಂದಿದ್ದರು.

ಅಂಥವನ ಅಂಗಡಿಗೆ ಮೀನು ಬಂತು. ಫೈಟರ್ ಮೀನು, ಬೆಟ್ಟಾ ಎಂದೂ ಅನ್ನುತ್ತಾರಂತೆ. ಹೆಬ್ಬೆರಳಿನಷ್ಟು ಮೈ, ಅದಕ್ಕೆ ರೇಷ್ಮೆ ಸೆರಗಿನಂಥ ಬಾಲ. ಗಾಜಿನ ಭರಣಿಯಲ್ಲಿ ಹಾಕಿ, ಕನ್ನಡಿಯ ಮುಂದಿನ ಹಲಗೆಯ ಮೇಲೆ, ಪೌಡರ್ ಡಬ್ಬಿ ಬಾಚಣಿಗೆಗಳ ನಡುವೆ ಇಟ್ಟ. ಇಟ್ಟ ಕೂಡಲೇ ಮೀನು ಕಿವಿರು ಅರಳಿಸಿ, ರೆಕ್ಕೆ ಬಿಚ್ಚಿ, ಎದೆಯುಬ್ಬಿಸಿ ನಿಂತಿತು.

"ನೋಡಿ, ನೋಡಿ, ಯಜಮಾನನ್ನ ಕಂಡ್ರೆ ಹೇಗೆ ಸಲಾಂ ಹೊಡೆಯುತ್ತೆ!" ಎಂದ ಮೀಸೆಯಣ್ಣ.

ಸಲಾಂ ಹೊಡೆದೂ ಹೊಡೆದೂ ಮೊದಲನೆಯ ಮೀನು ಮಳೆಗಾಲ ಕಾಣಲಿಲ್ಲ. ಎರಡನೆಯದಕ್ಕೆ ಬಂದವರೆಲ್ಲ ಬಿಸ್ಕತ್ತಿನ ಪುಡಿ ಉದುರಿಸಿದರು, ಹೊಟ್ಟೆಯುಬ್ಬಿ ಹೋಯಿತು. ಮೂರನೆಯದು ಒಂದು ಬೆಳಗ್ಗೆ ನೀರಿನ ಮೇಲೆ ಸಣ್ಣ ಸಣ್ಣ ಗುಳ್ಳೆಗಳನ್ನು ಕೂಡಿಹಾಕಿತ್ತು. ಮರಿಗಳನ್ನಿಟ್ಟುಕೊಳ್ಳಲು ಗಂಡುಮೀನು ಕಟ್ಟುವ ಗೂಡದು. ಮೀಸೆಯಣ್ಣನಿಗೋ, ನೊರೆ ಎಂದರೆ ಲೋಕದಲ್ಲಿ ಒಂದೇ. "ಯಾವನೋ ಕ್ಷೌರದ ಸೋಪು ಬೀಳಿಸಿದಾನೆ!" ಎಂದು ಕೂಗಾಡಿ, ಅಷ್ಟೂ ನೀರನ್ನು ಮೋರಿಗೆ ಸುರಿದು, ಭರಣಿ ತಿಕ್ಕಿ, ನಲ್ಲಿಯ ತಣ್ಣೀರು ತುಂಬಿದ. ಮಧ್ಯಾಹ್ನದೊಳಗೆ ಮೀನು ಅಂಗಾತ ತೇಲಿತು.

ಎದುರು ಸಾಲಿನಲ್ಲಿ ಅವನ ಷಡ್ಡಕನದು ದರ್ಜಿ ಅಂಗಡಿ. ಅಕ್ಕನನ್ನು ಇವನು, ತಂಗಿಯನ್ನು ಅವನು ಮದುವೆಯಾದಂದಿನಿಂದ ಇಬ್ಬರಿಗೂ ಬೇರೆ ಶತ್ರು ಬೇಕಾಗಿರಲಿಲ್ಲ. ಕೊರಳಲ್ಲಿ ಅಳತೆ ಪಟ್ಟಿ ನೇತುಹಾಕಿಕೊಂಡೇ ದರ್ಜಿ ಬಂದು ಬಾಗಿಲಲ್ಲಿ ನಿಂತ.

"ಅಣ್ಣಾ, ನಿಮ್ಮಂಗಡೀಲಿ ಮೀನಿಗಿಂತ ಸೋಪೇ ಜಾಸ್ತಿ ದಿನ ಬಾಳುತ್ತೆ ನೋಡಿ."

ಮೀಸೆಯಣ್ಣ ನೇರ ಸಾಕುಮೀನಿನ ಅಂಗಡಿಗೆ ಜಗಳಕ್ಕೆ ಹೋದ. ದರ್ಜಿ ಮೋಜು ನೋಡಲು ಹಿಂದೆಯೇ ಹೋದ. ಅಂಗಡಿಯ ಹೆಂಗಸು ಗೋಣಿಯಿಂದ ಮೀನಿನ ಕಾಳು ಅಳೆಯುತ್ತಿದ್ದವಳು ತಲೆಯೆತ್ತಲಿಲ್ಲ.

"ಎರಡು ಮೂರು ವರ್ಷ ಬದುಕೋ ಜೀವ ಸ್ವಾಮಿ ಇದು. ಚೆನ್ನಾಗಿ ನೋಡ್ಕೊಂಡ್ರೆ ನಾಲ್ಕೂ ದಾಟುತ್ತೆ. ನಮ್ಮತ್ರ ಬರೋ ಹೊತ್ತಿಗೇ ಅರ್ಧ ವರ್ಷ ಕಳೆದಿರುತ್ತೆ, ಅದು ಬೇರೆ. ನೀವು ಕರ್ಕೊಂಡು ಹೋಗಿ ಏನು ಮಾಡ್ತೀರೋ ನಂಗೇನು ಗೊತ್ತು?"

"ನಾನೇನು ಮಾಡ್ತೀನಾ? ಇನ್ನೊಂದು ಕೊಡಿ! ನನ್ನ ಕೈಯಲ್ಲಿ ಇದು ಎರಡು ವರ್ಷ ಇರದಿದ್ರೆ ಈ ಮೀಸೆ ಬೋಳಿಸಿಬಿಡ್ತೀನಿ!"

ಬಾಯಿಂದ ಬಿದ್ದ ಮಾತನ್ನು ದರ್ಜಿ ನೆಲ ಮುಟ್ಟಲು ಬಿಡಲಿಲ್ಲ. "ಆಯ್ತು ಅಣ್ಣಾ. ಆದ್ರೆ ಮನೇಲಿಟ್ಟು ಗುಟ್ಟಾಗಿ ಬದಲಾಯಿಸೋ ಹಾಗಿಲ್ಲ. ಅಂಗಡೀಲೇ, ಎಲ್ರ ಕಣ್ಣೆದುರಿಗೇ ಇರ್ಬೇಕು." ಸಂಜೆಯೊಳಗೆ ಸುದ್ದಿ ಬೀದಿಯ ಎರಡೂ ತುದಿ ಮುಟ್ಟಿತು.

ನಾಲ್ಕನೆಯದು ನೀಲಿ ಮೀನು. ಅದಕ್ಕೆ ಭರಣಿ ಹೋಗಿ ಅಗಲದ ಗಾಜಿನ ತೊಟ್ಟಿ ಬಂತು. ಹಾರಿ ಹೊರಬೀಳದಂತೆ ಮುಚ್ಚಳ ಬಂತು. ನೀರನ್ನು ಹಿಂದಿನ ದಿನವೇ ಹಿಡಿದಿಟ್ಟು, ಚಳಿಯ ಬೆಳಗ್ಗೆ ಕ್ಷೌರಕ್ಕೆ ಕಾಯಿಸಿದ ನೀರಿನಲ್ಲಿ ಒಂದಿಷ್ಟು ಬೆರೆಸಿ ಹದ ಮಾಡಿ ಹಾಕುತ್ತಿದ್ದ. ಗಿರಾಕಿಗೆ ತಣ್ಣೀರೇ ಗತಿ. ಬಿಸ್ಕತ್ತು ಹಿಡಿದು ಬಂದವರ ಕೈಗೆ ಬಾಚಣಿಗೆಯಿಂದ ಏಟು. ಸ್ವಂತ ಮಕ್ಕಳಿಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡದಿದ್ದವನು ತೊಟ್ಟಿಯ ನೀರಿಗೆ ಬೆರಳದ್ದಿ ನೋಡುವುದನ್ನು ಕಂಡು ಹೆಂಡತಿ ಊಟದ ಡಬ್ಬಿಯನ್ನು ಹಲಗೆಯ ಮೇಲೆ ಸ್ವಲ್ಪ ಜೋರಾಗಿ ಇಟ್ಟಳು, ಅಷ್ಟೆ.

ಇಷ್ಟೆಲ್ಲ ಮಾಡಿದರೂ ಮೀನು ಸೊರಗಿತು. ನೀಲಿ ಮಾಸಿತು. ಬಾಲದ ಅಂಚು ಹರಿಯಿತು. ಬೆಳಗ್ಗೆಯೆಲ್ಲ ಕನ್ನಡಿಯ ಕಡೆ ಉಬ್ಬಿ ಉಬ್ಬಿ ನಿಂತು, ಮಧ್ಯಾಹ್ನಕ್ಕೆ ತಳ ಸೇರಿ ಏದುಸಿರು ಬಿಡುತ್ತಿತ್ತು. ಮೀಸೆಯಣ್ಣನ ಕೈ ಗಳಿಗೆಗೊಮ್ಮೆ ಮೂಗಿನ ಕೆಳಗೆ ಹೋಗಿ, ಇದೆಯೋ ಇಲ್ಲವೋ ಎಂದು ನೋಡಿಕೊಂಡು ಬರುತ್ತಿತ್ತು.

ಅಷ್ಟರಲ್ಲಿ ಸೂರು ಸೋರಿ ಗೋಡೆಗೆ ಸುಣ್ಣ ಬಳಿಯಬೇಕಾಯಿತು. ಬಳಿಯುವವನು ಕನ್ನಡಿಗೆ ಹಳೆಯ ಹಾಸಿಗೆ ಬಟ್ಟೆ ಕಟ್ಟಿ ಹೋದ. ಎರಡು ದಿನ ಬಿಟ್ಟು ಊಟ ತಂದ ಹೆಂಡತಿ ತೊಟ್ಟಿಯ ಮುಂದೆ ಬಗ್ಗಿ ನಿಂತಳು. ಮೀನು ಸೆರಗು ಇಳಿಬಿಟ್ಟುಕೊಂಡು, ಮನೆಯೊಡತಿ ಅಂಗಳದಲ್ಲಿ ಓಡಾಡುವ ಹಾಗೆ ಆರಾಮಾಗಿ ಸುತ್ತುತ್ತಿತ್ತು. ಹಾಕಿದ ಕಾಳನ್ನು ಗಬಕ್ಕನೆ ನುಂಗಿತು.

"ರೀ, ಇದು ನಿಮಗೆ ಸಲಾಂ ಹೊಡೀತಿರ್ಲಿಲ್ಲ. ಕನ್ನಡೀಲಿ ಇನ್ನೊಂದು ಗಂಡುಮೀನಿದೆ ಅಂದ್ಕೊಂಡು ದಿನವಿಡೀ ಜಗಳಕ್ಕೆ ನಿಂತಿತ್ತು. ಸುಸ್ತಾಗಿ ಸಾಯೋದು ಅದಕ್ಕೇ."

"ಮೀನಿಗೆ ಅಷ್ಟೂ ಬುದ್ಧಿ ಇರಲ್ವೇನೇ?"

"ಬೆಳಗ್ಗೆ ಎದ್ದು ಕನ್ನಡಿ ಮುಂದೆ ಮೈ ಉಬ್ಬಿಸಿ ನಿಲ್ಲೋರಿಗೆಲ್ಲ ಎಷ್ಟು ಬುದ್ಧಿ ಇರುತ್ತೋ ಅಷ್ಟೇ ಇರುತ್ತೆ ಬಿಡಿ."

ಅಂದಿನಿಂದ ಬಟ್ಟೆ ಇಳಿಯಲಿಲ್ಲ. ಕನ್ನಡಿಯಿಲ್ಲದ ಕ್ಷೌರದಂಗಡಿ ಬೀದಿಗೆಲ್ಲ ನಗೆಪಾಟಲಾಯಿತು. "ಏನಣ್ಣಾ, ತಲೆ ಸರಿಯಾಯ್ತೋ ಇಲ್ವೋ ಮನೆಗೆ ಹೋಗಿ ಹೆಂಡ್ತೀನ ಕೇಳ್ಬೇಕಾ?" ಎಂದರು ಗಿರಾಕಿಗಳು. ಮೀಸೆಯಣ್ಣ ಬಿಟ್ಟುಕೊಡಲಿಲ್ಲ. "ಕನ್ನಡಿ ಬೇಕಾಗಿರೋದು ಕಲಿಯೋರಿಗೆ. ನನಗೆ ಕೈಯಲ್ಲೇ ಕಣ್ಣಿದೆ!" ಎಂದು ದಿನಕ್ಕೆ ಹತ್ತು ಸಲ ಸಾರಿದ. ಮೀನಿನ ಬಣ್ಣ ತಿರುಗಿತು. ಬಾಲ ಕೂಡಿಕೊಂಡಿತು.

ಕಷ್ಟವಾದದ್ದು ಅವನ ಮೀಸೆಗೇ. ಮನೆಯ ಅಂಗೈಯಗಲದ ಕನ್ನಡಿಯಲ್ಲಿ ಒಂದು ಕಡೆಯ ಮೀಸೆ ಕಂಡರೆ ಇನ್ನೊಂದು ಕಡೆಯದು ಕಾಣುತ್ತಿರಲಿಲ್ಲ. ಅಂಗಡಿಯಲ್ಲಿ ಒಮ್ಮೆ ಬಟ್ಟೆಯ ಮೂಲೆ ಎತ್ತಿದ್ದಕ್ಕೆ ಮೀನು ಎಗರಿ ಗಾಜಿಗೆ ಮೂತಿ ಚಚ್ಚಿಕೊಂಡಿತು. ಮತ್ತೆ ಎತ್ತುವ ಧೈರ್ಯ ಬರಲಿಲ್ಲ. ಮೀಸೆ ಪೊರಕೆಯಂತೆ ಬೆಳೆದು, ಟೀ ಕುಡಿಯುವಾಗ ಲೋಟಕ್ಕೆ ಅವನಿಗಿಂತ ಮೊದಲು ಇಳಿಯತೊಡಗಿತು.

ಒಂದು ಸಂಜೆ ಅಂಗಡಿ ತುಂಬಿದ್ದಾಗ ದರ್ಜಿ ಬಂದು ಹೇಳಿದ: "ಅಣ್ಣಾ, ಕೈಯಲ್ಲೇ ಕಣ್ಣಿದೆ ಅಂತೀರಿ, ಆ ಕಣ್ಣಿಗೆ ನಿಮ್ಮ ಮೀಸೆ ಮಾತ್ರ ಕಾಣಲ್ವಾ?"

"ನಾಳೆ ಬಂದು ನೋಡೋ!" ಎಂದ ಮೀಸೆಯಣ್ಣ.

ಮರುದಿನ ಬೆಳಕು ಹರಿಯುವಾಗ ಅಂಗಡಿಯೊಳಗೆ ಸೇರಿ, ಬಾಗಿಲು ಎಳೆದುಕೊಂಡು ಕತ್ತರಿ ಹಿಡಿದ. ಎಡಗಡೆ ಚುಟುಕಾಗಿ ಕತ್ತರಿಸಿದ. ಬೆರಳಿಂದ ತಡವಿದರೆ ಬಲಗಡೆ ಉದ್ದವೆನಿಸಿತು. ಅದನ್ನು ತೆಗೆದ. ಈಗ ಎಡಗಡೆ ಉದ್ದವೆನಿಸಿತು. ಕೈಯಲ್ಲಿದ್ದ ಕಣ್ಣಿಗೆ ಪೊರೆ ಬಂದಿತ್ತೋ ಏನೋ. ಕೊನೆಗೆ ನೀರಿನ ಸ್ಟೀಲ್ ಚೊಂಬಿನಲ್ಲಿ ಮುಖ ನೋಡಿಕೊಂಡ. ಒಂದು ಕಡೆ ಗಾಯದ ಕಲೆಯಷ್ಟು, ಇನ್ನೊಂದು ಕಡೆ ಹಲ್ಲುಜ್ಜುವ ಬ್ರಷ್ಷಿನಷ್ಟು ಉಳಿದಿತ್ತು. ಅದನ್ನು ಹೊತ್ತು ಬೀದಿಗಿಳಿಯುವುದಕ್ಕಿಂತ ಇಲ್ಲದಿರುವುದೇ ಮೇಲೆಂದು ನೊರೆ ಹಚ್ಚಿ ಪೂರ್ತಿ ಬೋಳಿಸಿದ.

ಬಾಗಿಲು ತೆರೆದಾಗ ದರ್ಜಿ ಮೆಟ್ಟಿಲ ಮೇಲೇ ಕಾಯುತ್ತಿದ್ದ. ಬೋಳು ತುಟಿ ಕಂಡವನೇ ತೋಳು ಹಿಡಿದು, "ಹೋಗ್ಲಿ ಬಿಡಿ ಅಣ್ಣಾ. ಯಾವಾಗ ಹೋಯ್ತು? ರಾತ್ರೀನಾ?" ಎಂದ.

"ಯಾರು ಹೋಗಿದ್ದು? ಮೀನು ಬದುಕಿದೆ ಕಣೋ! ಒಳಗೆ ಬಂದು ನೋಡು!"

ಬೀದಿಯ ಅರ್ಧ ಜನ ಒಳಗೆ ಬಂದರು. ನೀಲಿ ಮೀನು ಗುಂಡುಗುಂಡಾಗಿ ತಿರುಗುತ್ತಿತ್ತು.

"ಚೆನ್ನಾಗಿದೆ. ಹಳೇದಕ್ಕಿಂತ ಇದೇ ಲಕ್ಷಣವಾಗಿದೆ," ಎಂದ ದರ್ಜಿ.

"ಇದೇ ಹಳೇದು!"

"ಹಾಗಾದ್ರೆ ಮೀಸೆ ಯಾಕೆ ತೆಗೆದ್ರಿ?"

ಕೈ ತಪ್ಪಿತು ಎಂದರೆ ನಾಳೆ ಯಾವ ಗಿರಾಕಿ ಕತ್ತಿಗೆ ಗಂಟಲು ಒಡ್ಡುತ್ತಾನೆ? ಬೆವರು ಮೇಲ್ತುಟಿಯ ಮೇಲೆ ಮೊದಲ ಸಲ ಯಾರ ಅಡ್ಡಿಯೂ ಇಲ್ಲದೆ ಇಳಿಯಿತು.

ಅದೇ ಹೊತ್ತಿಗೆ ಗಲಾಟೆ ಕೇಳಿ ಹೆಂಡತಿ ಬಂದಳು. ಅವಳು ಸುಳ್ಳಾಡುವವಳಲ್ಲ, ಬೀದಿಗೆಲ್ಲ ಗೊತ್ತಿತ್ತು, ದರ್ಜಿಗೂ ಗೊತ್ತಿತ್ತು.

"ನೀನಾದ್ರೂ ಹೇಳೇ! ಇದು ಅದೇ ಮೀನು ತಾನೇ?"

ದರ್ಜಿ ಕೈಕಟ್ಟಿಕೊಂಡು, "ಅತ್ತಿಗೆ ಹೇಳಿಬಿಡ್ಲಿ, ಒಪ್ಕೋತೀನಿ," ಎಂದ.

ಅವಳು ಮೀನನ್ನು ನೋಡಿದಳು. ಅದೇ ಮೀನು. ಹೇಳಲೆಂದು ಗಂಡನ ಕಡೆ ತಿರುಗಿದಳು. ಮದುವೆಯಾದಾಗಿನಿಂದ ಅವಳು ಕಾಣದಿದ್ದ ಮೇಲ್ತುಟಿ ಅಲ್ಲಿತ್ತು: ಸಣ್ಣದು, ಬೆಳ್ಳಗಿನದು, ಅಳಲು ಹೊರಟ ಕೂಸಿನದರಂತೆ ನಡುಗುತ್ತಿತ್ತು. "ಅದೇ..." ಎಂದಳು. ಮುಂದಿನ ಮಾತು ಬರಲಿಲ್ಲ. ನಗು ಬಂತು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಕ್ಷೌರದ ಕುರ್ಚಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಮತ್ತೊಮ್ಮೆ ಅವನ ತುಟಿ ನೋಡಿ ಮತ್ತೆ ಮೊದಲಿನಿಂದ ಶುರುಮಾಡಿದಳು.

"ಹೇಳೇ! ಹೇಳು!" ಎಂದು ಮೀಸೆಯಣ್ಣ ಗೋಗರೆದ.

ಅವಳಿಗೆ ಉಸಿರು ತಿರುಗಿ, ಅದೇ ಮೀನು ಎಂದು ಸ್ಪಷ್ಟವಾಗಿ ಹೇಳುವ ಹೊತ್ತಿಗೆ ಬೀದಿಯವರು ಮೀನು ಹೊಸದೇ ಎಂದು ತೀರ್ಪು ಕೊಟ್ಟುಕೊಂಡು ತಂತಮ್ಮ ಕೆಲಸಕ್ಕೆ ಹೊರಟುಹೋಗಿದ್ದರು.