ಮಂಚದ ಮೇಲಿನ ಮೇಡಂ

ಆರೈಕೆಯ ಕೆಲಸ ಕಲಿಯಲು ಬಂದವರನ್ನು ಪರೀಕ್ಷಿಸುವ ಮೇಡಂ ಕುರ್ಚಿಯಲ್ಲಿ ಕೂತು ಅಂಕ ಹಾಕುವವರಲ್ಲ. ತಾವೇ ರೋಗಿಯಾಗಿ ವಾರ್ಡಿನ ಮಂಚದ ಮೇಲೆ ಮಲಗಿಬಿಡುವವರು. ಒರಟಾಗಿ ಹೊರಳಿಸಿದರೆ "ನಾನೇನು ಅಕ್ಕಿ ಮೂಟೆನಾ?" ಎನ್ನುವರು, ಹೇಳದೆ ಕೈಹಿಡಿದರೆ "ಕೇಳಿ ಮುಟ್ಟಮ್ಮ" ಎಂದು ಗದರುವರು. ಹಾಸಿಗೆಯಲ್ಲಿ ಒಂದೇ ಒಂದು ಸುಕ್ಕಿದ್ದರೂ ಅವರ ಬೆನ್ನಿಗೆ ಗೊತ್ತಾಗುತ್ತದೆ. ಮೂರು ಸಲ ಫೇಲಾಗಿದ್ದ ಹುಡುಗಿ ಇವತ್ತು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, "ಎಡಕ್ಕೆ ತಿರುಗಿಸ್ತೀನಿ, ಆಗಬಹುದಾ?" ಎಂದು ಕೇಳಿ, ಮೆಲ್ಲಗೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟು, ಬೈಗುಳಕ್ಕೆ ಕಾದು ನಿಂತಳು. ಸದ್ದೇ ಇಲ್ಲ. "ಮೇಡಂ?" ಎಂದು ಬಗ್ಗಿದರೆ ಸಣ್ಣ ಗೊರಕೆ ಕೇಳಿಸಿತು. ಪಕ್ಕದಲ್ಲಿದ್ದ ಆಯಾ ತೋಳು ಹಿಡಿದೆಳೆದಳು: "ಎಬ್ಬಿಸ್ಬೇಡ ತಾಯಿ, ಪಾಸಾದೆ. ಇಪ್ಪತ್ತು ವರ್ಷದಲ್ಲಿ ಈ ಮಂಚದ ಮೇಲೆ ಇವರಿಗೆ ನಿದ್ದೆ ಬಂದಿದ್ದು ಇದೇ ಮೊದಲು."