ಮೂಕ ಸೀಸಂ

ಬಂದೂಕಿಗೆ ಮರದ ಹಿಡಿ ಮಾಡುತ್ತಿದ್ದ ಆ ಬಡಿಗ ಹಳೇ ಹುಬ್ಬಳ್ಳಿಯ ನಮ್ಮ ಓಣಿಗೆಲ್ಲ ಕಾಕಾ. ಮರ ಆರಿಸುವಾಗ ಹಲಗೆಗೆ ಕೆನ್ನೆ ಹಚ್ಚಿ, ಬೆರಳ ಗೆಣ್ಣಿನಿಂದ ಬಡಿದು, ಕಣ್ಣು ಮುಚ್ಚುತ್ತಿದ್ದರು. ಎಡಗೆನ್ನೆಯೋ ಬಲಗೆನ್ನೆಯೋ, ಈಗ ಖಾತ್ರಿಯಿಲ್ಲ. "ಕಟ್ಟಗಿ ಮಾತಾಡಬೇಕ್ರಿ," ಎನ್ನುತ್ತಿದ್ದರು. ಒಳಗೆ ಸೀಳಿದ್ದರೆ ದನಿ ಮಂಕಾಗುತ್ತದೆ. ಅಂಥ ಹಿಡಿ ಗುಂಡು ಹಾರಿಸಿದವನ ಮುಖದ ಹತ್ತಿರವೇ ಒಡೆಯುತ್ತದೆ ಎಂಬುದು ಅವರ ಭಯ.

ಹೋದ ವರ್ಷ ಕಪಾಟಿಗೆ ಹಲಗೆ ನೋಡಲು ಕಟ್ಟಿಗೆ ಅಡ್ಡೆಗೆ ಹೋದಾಗ ಕಾಕಾ ಅಲ್ಲಿದ್ದರು. ಜೊತೆಗೆ ಮುಗದ ಹಳ್ಳಿಯ ಒಬ್ಬ ರೈತ. ಹಂದಿ ಓಡಿಸುವ ಬಂದೂಕಿನ ಮುರಿದ ಹಿಡಿಯನ್ನು ಅವನು ಅಳತೆಗೆಂದು ತಂದಿದ್ದ. ಕಾಕಾ ಸೀಸಂ ಹಲಗೆಗಳನ್ನು ಬಡಿದು ಬಡಿದು ಬದಿಗಿಡುತ್ತಿದ್ದರು.

"ಎಲ್ಲಾ ಮೂಕ ಅದಾವು."

"ಕನ್ಯಾ ನೋಡಾಕ ಬಂದೀರೇನ್ರಿ ಕಾಕಾ, ಒಂದೂ ಮನಸಿಗೆ ಬರವಲ್ದು!" ಎಂದು ಅಡ್ಡೆಯವನು ನಕ್ಕ.

ಕಾಕಾ ನನ್ನನ್ನು ಕರೆದರು. "ಸರ್, ನೀವರ ಕೇಳಿ ನೋಡ್ರಿ."

ಅವರು ಬಡಿದ ಹಲಗೆ ಠಣ್ ಎಂದಿತು. ಎಂದಿತೋ, ಅವರಿಗೋಸ್ಕರ ಹಾಗೆ ಕೇಳಿಸಿಕೊಂಡೆನೋ, ಈಗ ಹೇಳಲಾರೆ. "ಛಲೋ ಬರಾಕತ್ತೈತಲ್ರಿ," ಎಂದೆ. ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. ಇನ್ನೊಂದನ್ನು ಬಡಿದರು. ಅಡ್ಡೆಯವನೂ ಚೆನ್ನಾಗಿದೆ ಎಂದು ತಲೆಯಾಡಿಸಿದ. ಅವನ ನಗು ನಿಂತಿತ್ತು.

ಕಾಕಾ ಮುರಿದ ಹಿಡಿಯನ್ನು ರೈತನ ಕೈಗಿಟ್ಟರು. "ಬ್ಯಾರೆ ಕಡೆ ಮಾಡಿಸ್ಕೋರಿ. ನನ್ನ ಕಿವಿ ಹೋದುವು."

"ಬ್ಯಾರೆ ಯಾರದಾರ್ರಿ ಈ ಊರಾಗ?"

ಕಾಕಾ ಆಗಲೇ ಬಾಗಿಲು ದಾಟಿದ್ದರು. ರೈತ ಅದನ್ನೇ ಇನ್ನೊಮ್ಮೆ, ಜೋರಾಗಿ ಕೇಳಿದ. ರಸ್ತೆಯಲ್ಲಿ ಹೋಗುತ್ತಿದ್ದವರೆಲ್ಲ ತಿರುಗಿ ನೋಡಿದರು, ಅವರೊಬ್ಬರನ್ನು ಬಿಟ್ಟು.